ಎರಡು ಹಲಗೆ, ಒಂದು ಹಿಂಜ್: ಮರದ ಮೇಲಿನ ಧೂಮಕೇತುವಿಗಾಗಿ ಕಟ್ಟಿದ ಟ್ರ್ಯಾಕರ್

2020ರ ಜುಲೈನಲ್ಲಿ ನಿಯೋವೈಸ್ ಧೂಮಕೇತು ಬಂದಾಗ ನನ್ನ ಹತ್ತಿರ ಕ್ಯಾಮೆರಾ ಇತ್ತು, ಟ್ರೈಪಾಡ್ ಇತ್ತು, 85 ಮಿ.ಮೀ. ಲೆನ್ಸ್ ಇತ್ತು. ಎದುರಿಗೆ ಒಂದು ಒಂಟಿ ಮರ, ಅದರ ಮೇಲೆ ಬಾಲ ಬಿಚ್ಚಿಕೊಂಡ ಧೂಮಕೇತು. ಐದು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತುಂಬಾ ಚೆನ್ನಾಗಿ ಕಂಡಿತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಮರ ಚೂಪಾಗಿದೆ, ನಕ್ಷತ್ರಗಳೆಲ್ಲ ಗೀಟುಗಳಾಗಿವೆ. ಧೂಮಕೇತುವಿನ ತಲೆ ಒರೆಸಿದ ಹಾಗೆ ಅಗಲವಾಗಿದೆ, ಬಾಲದ ಒಳಗಿನ ಎಳೆಗಳು ಒಂದೂ ಕಾಣುತ್ತಿಲ್ಲ. ಎಕ್ಸ್‌ಪೋಷರ್ ಕಡಿಮೆ ಮಾಡಿದ ಫೋಟೋಗಳಲ್ಲಿ ಬಾಲವೇ ಇಲ್ಲ.

ಇದರ ಲೆಕ್ಕ ಸುಲಭ. ಆಕಾಶ ಗಂಟೆಗೆ 15 ಡಿಗ್ರಿಗಿಂತ ಒಂದು ಚೂರು ಜಾಸ್ತಿ ತಿರುಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನನ್ನ ಕ್ಯಾಮೆರಾದ ಪಿಕ್ಸೆಲ್ 3.9 ಮೈಕ್ರಾನ್. 85 ಮಿ.ಮೀ. ಲೆನ್ಸ್ ಹಾಕಿದಾಗ ಒಂದು ಪಿಕ್ಸೆಲ್‌ಗೆ ಒಂಬತ್ತೂವರೆ ಆರ್ಕ್‌ಸೆಕೆಂಡ್ ಬೀಳುತ್ತದೆ. ಹಾಗಾಗಿ ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿರುವ ಗೆರೆ) ಹತ್ತಿರದ ನಕ್ಷತ್ರ ಸೆಕೆಂಡಿಗೆ ಒಂದೂವರೆ ಪಿಕ್ಸೆಲ್ ಓಡುತ್ತದೆ. ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಧ್ರುವದ ಕಡೆ ಹೋದಷ್ಟೂ ಈ ಓಟ ಕಡಿಮೆ. ನಿಯೋವೈಸ್ ಆಗ ಸಾಕಷ್ಟು ಉತ್ತರಕ್ಕಿತ್ತು, ಆದರೂ ಐದು ಸೆಕೆಂಡಿಗೆ ಐದು ಪಿಕ್ಸೆಲ್ ಗೀಟು ಬಿತ್ತು. ಬಾಲ ಹಿಡಿಯಬೇಕು ಅಂದರೆ ಅರ್ಧ ನಿಮಿಷವಾದರೂ ಬೇಕು. ಕ್ಯಾಮೆರಾ ಆಕಾಶದ ಜೊತೆ ತಿರುಗಲೇಬೇಕು, ಬೇರೆ ದಾರಿ ಇಲ್ಲ.

ಹಾಗೆ ತಿರುಗಿಸುವ ಸಿದ್ಧ ಟ್ರ್ಯಾಕರ್‌ಗಳು ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ನನಗೆ ಮಾತ್ರ ಕೈಯಲ್ಲಿ ಕಟ್ಟಬೇಕು ಅನ್ನಿಸಿತು. ಮುಖ್ಯ ಕಾರಣ, ಇದು ಎಷ್ಟು ಸರಳ ಅಂತ ಗೊತ್ತಾದದ್ದು. ಎರಡು ಹಲಗೆ, ನಡುವೆ ಬಾಗಿಲಿನ ಹಾಗೆ ಒಂದು ಹಿಂಜ್. ಹಿಂಜ್‌ನ ಕಡ್ಡಿ ಧ್ರುವದ ಕಡೆ ನೇರವಾಗಿರಬೇಕು. ಮೇಲಿನ ಹಲಗೆಯನ್ನು ಒಂದು ಥ್ರೆಡ್ ರಾಡ್ ನಿಧಾನವಾಗಿ ಎತ್ತುತ್ತಾ ಹೋಗುತ್ತದೆ, ಅಷ್ಟೇ. ಬಾರ್ನ್ ಡೋರ್ ಟ್ರ್ಯಾಕರ್ ಅಂತ ಇದರ ಹೆಸರು. ಜಾರ್ಜ್ ಹೇಗ್ ಅನ್ನುವವರು ಯೋಚಿಸಿದ್ದು, 1975ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಇದರ ನಕ್ಷೆ ಬಂತು. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು 2024ರ ಅಕ್ಟೋಬರ್‌ನಲ್ಲಿ ಸಂಜೆ ಆಕಾಶಕ್ಕೆ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಮೂರು ತಿಂಗಳು ಮುಂಚೆ ಕೆಲಸ ಶುರು ಮಾಡಿದೆ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ತೆಗೆದುಕೊಂಡೆ. 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಎರಡು ತುಂಡು. ಇದಕ್ಕಿಂತ ತೆಳು ಬೇಡ, ಕ್ಯಾಮೆರಾ ಭಾರಕ್ಕೆ ಬಾಗುತ್ತದೆ. ರಾಡ್ ಎಂ6, ಅಂದರೆ ಒಂದು ಸುತ್ತಿಗೆ ಸರಿಯಾಗಿ 1 ಮಿ.ಮೀ. ಸರಿಯುತ್ತದೆ. ಇದನ್ನು ಆರಿಸಿಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ ನೋಡಿ. ನಕ್ಷತ್ರಗಳ ದಿನ (ಆಕಾಶ ಒಂದು ಪೂರ್ತಿ ಸುತ್ತು ತಿರುಗುವ ಹೊತ್ತು) 23 ಗಂಟೆ 56 ನಿಮಿಷ 4 ಸೆಕೆಂಡ್, ಅಂದರೆ 1436 ನಿಮಿಷ. ನಿಮಿಷಕ್ಕೆ ಒಂದು ಸುತ್ತು ಸುತ್ತಿದರೆ ಪೂರ್ತಿ ದಿನಕ್ಕೆ 1436 ಮಿ.ಮೀ. ಆಯಿತು. ಅದೇ ವೃತ್ತದ ಸುತ್ತಳತೆ. ತ್ರಿಜ್ಯ ತೆಗೆದರೆ 228.6 ಮಿ.ಮೀ. ಹಿಂಜ್‌ನ ಕಡ್ಡಿಯ ಮಧ್ಯದಿಂದ ರಾಡ್‌ನ ಮಧ್ಯಕ್ಕೆ ಅಷ್ಟು ದೂರ ಇರಬೇಕು. ಹಿಂಜ್‌ನ ತಗಡಿನ ಅಂಚಿನಿಂದ ಅಳೆಯಬೇಡಿ, ತಿರುಗುವುದು ಕಡ್ಡಿಯ ಸುತ್ತ. ಬೇರೆ ರಾಡ್ ಆದರೆ ಅದರ ಪಿಚ್ಚನ್ನು, ಅಂದರೆ ಒಂದು ಸುತ್ತಿಗೆ ಎಷ್ಟು ಮಿ.ಮೀ. ಸರಿಯುತ್ತದೋ ಅದನ್ನು, 228.6ರಿಂದ ಗುಣಿಸಿ. ಎಂ8ಕ್ಕೆ 1.25 ಪಿಚ್, ಹಾಗಾಗಿ 285.7 ಮಿ.ಮೀ.

ರಾಡ್ ನೇರವಾಗಿದ್ದರೂ ಕೆಲಸ ಆಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ನೇರ ರಾಡ್ ಒಂದೇ ವೇಗದಲ್ಲಿ ಎತ್ತಿದರೂ ಕೋನ ಅದೇ ವೇಗದಲ್ಲಿ ಬೆಳೆಯುವುದಿಲ್ಲ, ಹಿಂದೆ ಬೀಳುತ್ತದೆ. ಹತ್ತು ನಿಮಿಷಕ್ಕೆ ಸುಮಾರು 6 ಆರ್ಕ್‌ಸೆಕೆಂಡ್, ಇಪ್ಪತ್ತು ನಿಮಿಷಕ್ಕೆ 46. ಹೊತ್ತು ಎರಡು ಪಟ್ಟಾದರೆ ತಪ್ಪು ಎಂಟು ಪಟ್ಟಾಗುತ್ತದೆ. ರಾಡನ್ನೇ 228.6 ಮಿ.ಮೀ. ತ್ರಿಜ್ಯದ ಕಮಾನಾಗಿ ಬಗ್ಗಿಸಿಬಿಟ್ಟರೆ ಈ ಗೋಳೇ ಇಲ್ಲ. ನಾನು ಬಗ್ಗಿಸುವ ದಾರಿ ಹಿಡಿದೆ. ಮೊದಲ ರಾಡನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ, ಹಿಡಿದ ಕಡೆಯೆಲ್ಲ ಥ್ರೆಡ್ ಚಪ್ಪಟೆಯಾಗಿ ನಟ್ ಸಿಕ್ಕಿಹಾಕಿಕೊಂಡಿತು. ಎರಡನೆಯದಕ್ಕೆ ಪ್ಲೈವುಡ್‌ನಲ್ಲಿ ಕಮಾನಿನ ಅಚ್ಚು ಕೊಯ್ದು, ಸ್ಯಾಂಡ್ ಪೇಪರ್ ಉಜ್ಜಿ, ರಾಡನ್ನು ಬರಿಗೈಯಲ್ಲೇ ಅಚ್ಚಿಗೆ ಒತ್ತುತ್ತಾ ಹೋದೆ. ಕೈ ಬಿಟ್ಟ ಕೂಡಲೇ ಉಕ್ಕು ಸ್ವಲ್ಪ ವಾಪಸ್ ನೇರವಾಗುತ್ತದೆ, ಅದಕ್ಕೆ ಅಚ್ಚಿನ ತ್ರಿಜ್ಯ ಬೇಕಾದದ್ದಕ್ಕಿಂತ ಕಡಿಮೆ ಇಡಬೇಕು. ಆಮೇಲೆ ಕಾಗದದ ಮೇಲೆ ಸರಿಯಾದ ವೃತ್ತ ಎಳೆದು, ರಾಡನ್ನು ಅದರ ಮೇಲಿಟ್ಟು, ಗೀಟು ಪೂರ್ತಿ ಮುಚ್ಚುವವರೆಗೂ ತಿದ್ದಿದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಕೊನೆಗೆ ಅದೇ ನಟ್ಟನ್ನು ರಾಡ್‌ನ ತುದಿಯಲ್ಲಿ ಬಿಟ್ಟು ಬೆರಳಿಂದ ಒಮ್ಮೆ ತಿರುಗಿಸಿದೆ. ಇನ್ನೊಂದು ತುದಿವರೆಗೂ ತಡೆಯಿಲ್ಲದೆ ಇಳಿಯಿತು.

ರಾಡ್‌ನ ಮೇಲಿನ ತುದಿ ಮೇಲಿನ ಹಲಗೆಗೆ ಎರಡು ನಟ್‌ಗಳ ನಡುವೆ ಬಿಗಿ. ಕೆಳಗಿನ ಹಲಗೆಯಲ್ಲಿ ಅಗಲವಾದ ತೂತು, ರಾಡ್ ಅದರೊಳಗೆ ಎಲ್ಲೂ ತಾಗದೆ ಇಳಿಯುತ್ತದೆ. ಹಲಗೆಗಳ ನಡುವೆ, ಕೆಳಗಿನ ಹಲಗೆಯ ಮೇಲೆ ವಾಷರ್ ಇಟ್ಟು, ಅದರ ಮೇಲೆ ಒಂದು ಪ್ಲಾಸ್ಟಿಕ್ ಗೇರ್ ಕೂರಿಸಿದೆ. ಗೇರ್‌ನ ಹೊಟ್ಟೆಯಲ್ಲಿ ನಟ್ ಅಂಟಿಸಿದೆ. ಗೇರ್ ತಿರುಗಿದರೆ ನಟ್ ತಿರುಗಿ ರಾಡನ್ನು ಮೇಲಕ್ಕೆ ತಳ್ಳುತ್ತದೆ. ಪಕ್ಕದಲ್ಲಿ ಅಷ್ಟೇ ಹಲ್ಲಿನ ಇನ್ನೊಂದು ಗೇರ್, ಅದಕ್ಕೆ ಮೋಟಾರ್. ಹಲಗೆಗಳು ಯಾವಾಗಲೂ ನಟ್ ಮೇಲೆ ಒತ್ತಿಕೊಂಡಿರಲಿ ಅಂತ ಎರಡನ್ನೂ ಸೇರಿಸಿ ಒಂದು ದಪ್ಪ ರಬ್ಬರ್ ಪಟ್ಟಿ ಎಳೆದು ಹಾಕಿದೆ.

ಮೋಟಾರ್ 28ಬಿವೈಜೆ-48, ಎಲ್ಲರೂ ಬಳಸುವ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಆ ಪುಟ್ಟ ಸ್ಟೆಪರ್. ಜೊತೆಗೆ ಅದರ ಡ್ರೈವರ್ ಬೋರ್ಡು, ಕೋಡ್ ಓಡಿಸಲು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, 5 ವೋಲ್ಟ್‌ಗೆ ಪವರ್ ಬ್ಯಾಂಕ್. ಒಂದು ಸುತ್ತಿಗೆ 4096 ಅರ್ಧ ಹೆಜ್ಜೆ ಅಂತ ಹಿಡಿದು, 60 ಸೆಕೆಂಡಿಗೆ ಭಾಗಿಸಿ, ಹೆಜ್ಜೆಗೆ 14,648 ಮೈಕ್ರೋಸೆಕೆಂಡ್ ಅಂತ ಕೋಡ್ ಬರೆದೆ. ಇಲ್ಲೇ ಒಂದು ತಪ್ಪು ಕೂತಿತ್ತು. ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಪರೀಕ್ಷೆಗೆ ಬೇಕಂತಲೇ 200 ಮಿ.ಮೀ. ಲೆನ್ಸ್ ಹಾಕಿ ನಾಲ್ಕು ನಿಮಿಷದ ಎಕ್ಸ್‌ಪೋಷರ್ ಕೊಟ್ಟೆ. ನಿಜವಾದ ಫೋಟೋಗೆ ಇಷ್ಟು ಬೇಕಿಲ್ಲ. ಆದರೆ ತಪ್ಪು ದೊಡ್ಡದಾಗಿ ಕಂಡರೆ ತಾನೇ ಹಿಡಿಯಲು ಆಗುವುದು? ಇನ್ನೊಂದು ಉಪಾಯವೂ ಇದೆ, ನನಗೆ ತುಂಬಾ ಸಹಾಯ ಮಾಡಿದ್ದು ಇದೇ: ಹಿಂಜನ್ನು ಧ್ರುವದಿಂದ ಒಂದೆರಡು ಡಿಗ್ರಿ ಪಕ್ಕಕ್ಕೆ ತಪ್ಪಿಸಿ ಇಡಿ. ಆಗ ನಕ್ಷತ್ರ ಉತ್ತರ-ದಕ್ಷಿಣದ ಕಡೆ ಒಂದೇ ಸಮನೆ ಜಾರುತ್ತಾ ಹೋಗುತ್ತದೆ, ಟ್ರ್ಯಾಕರ್ ಮಾಡಿದ ತಪ್ಪೆಲ್ಲ ಪೂರ್ವ-ಪಶ್ಚಿಮದಲ್ಲಿ ಬಿಚ್ಚಿ ಹರಡಿಕೊಳ್ಳುತ್ತದೆ. ಫೋಟೋವೇ ಒಂದು ಗ್ರಾಫ್ ಆಗಿಬಿಡುತ್ತದೆ.

ನನ್ನ ಗ್ರಾಫ್‌ನಲ್ಲಿ ಮೂರು ವಿಷಯ ಕಂಡವು. ಗೀಟು ಒಂದು ಕಡೆಗೆ ವಾಲಿತ್ತು. ಅದರ ಮೇಲೆ ಹಾವಿನ ಹಾಗೆ ನಾಲ್ಕು ಅಲೆ. ಮತ್ತೆ ಮಧ್ಯದಲ್ಲಿ ಒಂದು ಕಡೆ ಗೀಟು ತುಂಡಾಗಿ ಪಕ್ಕಕ್ಕೆ ಹಾರಿತ್ತು.

ನಾಲ್ಕು ನಿಮಿಷಕ್ಕೆ ನಾಲ್ಕು ಅಲೆ ಅಂದರೆ ನಿಮಿಷಕ್ಕೊಂದು, ಅಂದರೆ ಗೇರ್‌ನ ಒಂದೊಂದು ಸುತ್ತಿಗೆ ಒಂದು. ನಟ್ ಗೇರ್‌ನ ನಡುಮಧ್ಯದಲ್ಲಿ ಕೂತಿಲ್ಲ ಅಂತ ಅರ್ಥ. ಬಿಚ್ಚಿ ಅಂಟು ಕೆರೆದು, ಈ ಸಲ ನಟ್ಟನ್ನು ರಾಡ್‌ಗೆ ಹಾಕಿಕೊಂಡೇ ಗೇರ್ ತಿರುಗಿಸಿ ನೋಡುತ್ತಾ, ಅಂಚು ಓಲಾಡುವುದು ನಿಂತ ಮೇಲೆ ಅಂಟು ಹಾಕಿದೆ. ಅಲೆ ಪೂರ್ತಿ ಹೋಗಲಿಲ್ಲ, ಆದರೆ ಕಾಲು ಭಾಗಕ್ಕೆ ಇಳಿಯಿತು.

ವಾಲಿದ್ದು ವೇಗದ ತಪ್ಪು. ಮೊದಲು ರಾಡ್‌ನ ದೂರದ ಮೇಲೆ ಅನುಮಾನ ಬಂತು. ಅಳೆದೆ, ಸರಿಯಾಗಿಯೇ ಇತ್ತು. ಆಮೇಲೆ ಗೇರ್‌ನ ಒಂದು ಹಲ್ಲಿಗೆ ಬಿಳಿ ಬಣ್ಣ ಹಚ್ಚಿ, ಗಡಿಯಾರ ಪಕ್ಕದಲ್ಲಿಟ್ಟು ಒಂದು ಗಂಟೆ ಎಣಿಸಿದೆ. ಅರವತ್ತು ಸುತ್ತು ಆಗಬೇಕಿತ್ತು. ಅರವತ್ತು ಆಗಿ, ಮೇಲೆ ಇನ್ನೊಂದು ಮೂರನೇ ಒಂದು ಸುತ್ತಿನ ಹತ್ತಿರ ಬಂದು ಬಿಳಿ ಹಲ್ಲು ನಿಂತಿತ್ತು. ಈ ಮೋಟಾರಿನೊಳಗಿನ ಗೇರ್ ಅನುಪಾತ 64 ಅಂತ ಹೇಳುತ್ತಾರೆ, ಆದರೆ ಒಳಗಿನ ಹಲ್ಲುಗಳನ್ನು ಎಣಿಸಿದರೆ ನಿಜವಾದ ಅನುಪಾತ 63.68. ಹಾಗಾಗಿ ಸುತ್ತಿಗೆ 4096 ಅಲ್ಲ, ಸುಮಾರು 4076 ಹೆಜ್ಜೆ. ಅರ್ಧ ಪರ್ಸೆಂಟ್ ವ್ಯತ್ಯಾಸ. ಹೆಜ್ಜೆಯ ಹೊತ್ತನ್ನು 14,721 ಮೈಕ್ರೋಸೆಕೆಂಡ್‌ಗೆ ತಿದ್ದಿದೆ, ಗೀಟು ನೆಟ್ಟಗಾಯಿತು.

ಇದಾದ ಮೇಲೆ ನನಗೊಂದು ವಿಷಯ ಸ್ಪಷ್ಟವಾಯಿತು. ಕೋಡ್‌ನಲ್ಲಿ ತಿದ್ದಬಹುದಾದ ತಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರಾಡ್‌ನ ದೂರ ಒಂದು ಮಿ.ಮೀ. ಆಚೀಚೆ ಆಯಿತಾ? ಅದೂ ಅರ್ಧ ಪರ್ಸೆಂಟಿನ ಹತ್ತಿರವೇ, ಒಂದು ಸಂಖ್ಯೆ ಬದಲಿಸಿದರೆ ಸರಿಹೋಗುತ್ತದೆ. ಅಲುಗಾಟ ಮಾತ್ರ ಯಾವ ಕೋಡಿಗೂ ಬಗ್ಗುವುದಿಲ್ಲ. ಕಷ್ಟಪಡುವುದಿದ್ದರೆ ಅದರ ಮೇಲೆ ಪಡಿ.

ಗೀಟು ತುಂಡಾಗಿ ಹಾರಿತ್ತಲ್ಲ, ಅದು ಅಲುಗಾಟವೇ. ಮೊದಲು ನಾನು ಎರಡು ಸಣ್ಣ ಬಾಗಿಲ ಹಿಂಜ್ ಹಾಕಿದ್ದೆ. ಮೇಲಿನ ಹಲಗೆಯ ಮೂಲೆ ಹಿಡಿದು ಹಿಂಜ್‌ನ ಉದ್ದಕ್ಕೆ ತಳ್ಳಿದರೆ ಟಕ್ ಅಂತ ಸದ್ದು ಬರುತ್ತಿತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. 228 ಮಿ.ಮೀ. ತೋಳಿನಲ್ಲಿ ಕೂದಲಿನ ಹತ್ತನೇ ಒಂದು ಭಾಗ ಜಾರಿದರೂ 85 ಮಿ.ಮೀ. ಲೆನ್ಸ್‌ನಲ್ಲಿ ಒಂದು ಪಿಕ್ಸೆಲ್‌ನ ಹತ್ತಿರ ಹೋಗುತ್ತದೆ. ಎರಡನ್ನೂ ಕಿತ್ತು ಹಾಕಿ, ಹಲಗೆಯ ಅಗಲಕ್ಕೂ ಬರುವ ಒಂದೇ ಉದ್ದನೆಯ ಪಿಯಾನೊ ಹಿಂಜ್ ಹಾಕಿದೆ. ಸ್ಕ್ರೂಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯಬೇಡಿ. ಎರಡು ತುದಿ, ಆಮೇಲೆ ಮಧ್ಯ, ಆಮೇಲೆ ಉಳಿದದ್ದು. ಪ್ರತಿ ತೂತಿಗೂ ಮೊದಲು ಸಣ್ಣ ಡ್ರಿಲ್ ಬಿಟ್ಟು ದಾರಿ ಮಾಡಿ, ಇಲ್ಲದಿದ್ದರೆ ಸ್ಕ್ರೂ ಪ್ಲೈವುಡ್ಡಿನ ಪದರ ಹಿಡಿದು ಹಿಂಜನ್ನು ಪಕ್ಕಕ್ಕೆ ಎಳೆಯುತ್ತದೆ. ಕ್ಯಾಮೆರಾ ಕೂರಿಸುವ ಮೇಲಿನ ಬಾಲ್‌ಹೆಡ್ ಕೂಡ ಭಾರಕ್ಕೆ ಇಂಚಿಂಚಾಗಿ ಜಾರುತ್ತಿತ್ತು, ಅದನ್ನು ಬದಲಿಸಿ ಗಟ್ಟಿಯಾದದ್ದು ಹಾಕಿದೆ.

ಧ್ರುವಕ್ಕೆ ಹೊಂದಿಸುವುದಕ್ಕೆ ಜನ ತುಂಬಾ ಹೆದರುತ್ತಾರೆ. ಇಷ್ಟು ಚಿಕ್ಕ ಲೆನ್ಸ್‌ಗೆ ಅಷ್ಟೊಂದು ಬೇಕಾಗಿಲ್ಲ. ಹಿಂಜ್ ಒಂದು ಡಿಗ್ರಿ ತಪ್ಪಿದ್ದರೂ ಅತಿ ಹೆಚ್ಚು ಅಂದರೆ ನಿಮಿಷಕ್ಕೆ 16 ಆರ್ಕ್‌ಸೆಕೆಂಡ್ ಜಾರುತ್ತದೆ. ಮೂವತ್ತು ಸೆಕೆಂಡಿಗೆ ಎಂಟು. ನನ್ನ ಒಂದು ಪಿಕ್ಸೆಲ್‌ಗಿಂತ ಕಡಿಮೆ. ಧ್ರುವ ನಕ್ಷತ್ರವೇ ನಿಜವಾದ ಧ್ರುವದಿಂದ ಒಂದು ಡಿಗ್ರಿಯ ಮೂರನೇ ಎರಡು ಭಾಗದಷ್ಟು ದೂರದಲ್ಲಿದೆ. ಹಾಗಾಗಿ ಹಿಂಜ್‌ಗೆ ಸಮನಾಗಿ ಒಂದು ತೆಳು ಕೊಳವೆ ಅಂಟಿಸಿ, ಅದರೊಳಗಿಂದ ಧ್ರುವ ನಕ್ಷತ್ರ ಕಂಡರೆ ಸಾಕು. ಅದರ ಎತ್ತರ ನೀವಿರುವ ಜಾಗದ ಅಕ್ಷಾಂಶದಷ್ಟೇ ಇರುತ್ತದೆ, ಮರದ ಹಿಂದೆ ಮರೆಯಾಗಿದ್ದರೆ ದಿಕ್ಸೂಚಿ ಮತ್ತು ಮೊಬೈಲಿನ ಕೋನ ಅಳೆಯುವ ಆ್ಯಪ್ ಹಿಡಿದು ಹತ್ತಿರ ಹತ್ತಿರ ಬರಬಹುದು. ಉತ್ತರಕ್ಕೆ ಮುಖ ಮಾಡಿದಾಗ ಹಿಂಜ್ ನಿಮ್ಮ ಎಡಗಡೆ ಇರಬೇಕು, ಬಲಗಡೆಯ ಅಂಚು ಮೇಲಕ್ಕೇಳಬೇಕು. ದಕ್ಷಿಣಾರ್ಧ ಗೋಳದಲ್ಲಿ ದಕ್ಷಿಣ ಧ್ರುವಕ್ಕೆ ಮುಖ ಮಾಡಿ ಇದನ್ನು ತಿರುಗುಮುರುಗು ಮಾಡಿ.

ಈಗ ಮುನ್ನೆಲೆ, ಅಂದರೆ ಫೋಟೋದಲ್ಲಿ ಮುಂದೆ ಕಾಣುವ ಮರ, ನೆಲ. ಇದರ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ, ಯಾಕೆಂದರೆ ಮರವಿಲ್ಲದ ಧೂಮಕೇತು ನನಗೆ ಬೇಕಾಗಿರಲಿಲ್ಲ. ಟ್ರ್ಯಾಕರ್ ಓಡುತ್ತಿದ್ದರೆ ನಕ್ಷತ್ರ ನಿಲ್ಲುತ್ತದೆ, ಮರ ಒರೆಸಿಹೋಗುತ್ತದೆ. ನಿಲ್ಲಿಸಿದರೆ ಮರ ನಿಲ್ಲುತ್ತದೆ, ನಕ್ಷತ್ರ ಓಡುತ್ತದೆ. ಇವೆರಡರ ಜೊತೆ ಧೂಮಕೇತು ನಕ್ಷತ್ರಗಳ ನಡುವೆ ತನ್ನದೇ ದಾರಿಯಲ್ಲಿ ಸರಿಯುತ್ತಿರುತ್ತದೆ. ಅದಕ್ಕೆ ಪೆಟ್ಟಿಗೆಗೆ ಮೂರು ಸ್ಥಾನದ ಸ್ವಿಚ್ ಹಾಕಿದೆ: ಪೂರ್ತಿ ವೇಗ, ಅರ್ಧ ವೇಗ, ನಿಲುಗಡೆ. ಅರ್ಧ ವೇಗದಲ್ಲಿ ಆಕಾಶವೂ ಅರ್ಧ ಜಾರುತ್ತದೆ, ನೆಲವೂ ಅರ್ಧ ಜಾರುತ್ತದೆ. 35 ಮಿ.ಮೀ. ಲೆನ್ಸ್‌ನಲ್ಲಿ ಎಂಟು ಸೆಕೆಂಡ್ ಕೊಟ್ಟರೆ ಎರಡೂ ಎರಡೂವರೆ ಪಿಕ್ಸೆಲ್ ಮಾತ್ರ. ಒಂದೇ ಫ್ರೇಮಿನಲ್ಲಿ ಎರಡೂ ಬರುತ್ತವೆ, ಏನೂ ಜೋಡಿಸಬೇಕಿಲ್ಲ.

ಜಾಗ ಆರಿಸಲು ಹಗಲಲ್ಲೇ ಹೋದೆ. ಸುಮಾರು ಎಂಟು ಮೀಟರ್ ಎತ್ತರದ ಮರ. ಹತ್ತಿರ ನಿಂತರೆ ಮರ ಚೌಕಟ್ಟು ತುಂಬುತ್ತದೆ, ಜೊತೆಗೆ ಫೋಕಸ್ ತಪ್ಪುತ್ತದೆ. 85 ಮಿ.ಮೀ. ಲೆನ್ಸನ್ನು ಎಫ್/2.8ರಲ್ಲಿ ನಕ್ಷತ್ರಕ್ಕೆ ಫೋಕಸ್ ಮಾಡಿದರೆ ಸುಮಾರು 130 ಮೀಟರಿನಿಂದ ಆಚೆಗಿನದ್ದು ಮಾತ್ರ ಚೂಪಾಗಿರುತ್ತದೆ. ಅದಕ್ಕೆ 150 ಮೀಟರ್ ಹಿಂದೆ ಹೋದೆ. ಅಲ್ಲಿಂದ ಮರ ಮೂರು ಡಿಗ್ರಿ ಎತ್ತರ ಕಾಣುತ್ತದೆ. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಹಿಡಿದರೆ ಚೌಕಟ್ಟು 16 ಡಿಗ್ರಿ ಎತ್ತರ. ಮರಕ್ಕೆ ಮೂರು, ಉಳಿದದ್ದೆಲ್ಲ ಧೂಮಕೇತುವಿಗೆ. ಯಾವ ಹೊತ್ತಿಗೆ ಎಷ್ಟು ಎತ್ತರದಲ್ಲಿರುತ್ತದೆ ಅಂತ ಆಕಾಶ ತೋರಿಸುವ ತಂತ್ರಾಂಶ ಸ್ಟೆಲ್ಲೇರಿಯಮ್‌ನಲ್ಲಿ ನೋಡಿಕೊಂಡು, ಮರದ ನೇರಕ್ಕೆ ಬರುವ ಜಾಗದಲ್ಲಿ ಟ್ರೈಪಾಡ್ ಕಾಲಿಗೆ ಮೂರು ಕಲ್ಲು ಗುರುತಿಟ್ಟೆ.

ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಹೋದದ್ದು ಸೆಪ್ಟೆಂಬರ್ 27ಕ್ಕೆ, ಭೂಮಿಗೆ ಹತ್ತಿರ ಬಂದದ್ದು ಅಕ್ಟೋಬರ್ 12ಕ್ಕೆ. ನಾನು ಹೋದದ್ದು 14ರ ಸಂಜೆ. ಸೂರ್ಯ ಮುಳುಗುವ ಮುಂಚೆಯೇ ಎಲ್ಲ ಜೋಡಿಸಿದೆ. ಮೊದಲು ಟ್ರ್ಯಾಕರ್ ನಿಲ್ಲಿಸಿ, ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕು ಇರುವಾಗಲೇ ಮರದ ಹತ್ತು ಫ್ರೇಮ್ ತೆಗೆದೆ. ಇದನ್ನು ಆಮೇಲೆ ತೆಗೆಯೋಣ ಅಂತ ಬಿಡಬೇಡಿ, ಕತ್ತಲಾದ ಮೇಲೆ ಎಲೆಗಳ ನಡುವಿನ ಸಂದುಗಳು ಸಿಗುವುದಿಲ್ಲ. ಫೋಕಸ್‌ಗೆ ಲೈವ್ ವ್ಯೂನಲ್ಲಿ ಶುಕ್ರನನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಚುಕ್ಕೆ ಅತಿ ಚಿಕ್ಕದಾದ ಕಡೆ ನಿಲ್ಲಿಸಿ, ರಿಂಗ್‌ಗೆ ಟೇಪ್ ಅಂಟಿಸಿದೆ.

ಕತ್ತಲು ಕವಿಯುತ್ತಿದ್ದ ಹಾಗೆ ಮರದ ಮೇಲೆ ಒಂದು ಮಸುಕು ಕಡ್ಡಿ ಎದ್ದು ನಿಂತ ಹಾಗೆ ಕಂಡಿತು. ಬರಿಗಣ್ಣಿಗೆ! ಟ್ರ್ಯಾಕರ್ ಆನ್ ಮಾಡಿ ಎರಡು ನಿಮಿಷ ಸುಮ್ನೆ ಬಿಟ್ಟೆ. ಗೇರ್‌ಗಳ ನಡುವಿನ ಸಡಿಲ ಮುಗಿದು ಹಲಗೆ ಏಳಲು ಅಷ್ಟು ಹೊತ್ತು ಬೇಕು, ಆತುರಪಟ್ಟು ತೆಗೆದ ಮೊದಲ ಫ್ರೇಮ್‌ಗಳು ಯಾವಾಗಲೂ ಹಾಳು. ಆಮೇಲೆ ಎಫ್/2.8, ಐಎಸ್ಒ 1600, 15 ಸೆಕೆಂಡ್. ಹುಣ್ಣಿಮೆಗೆ ಮೂರೇ ದಿನ ಬಾಕಿ, ಚಂದ್ರ ಜೋರಾಗಿದ್ದ. 30 ಸೆಕೆಂಡ್ ಕೊಟ್ಟರೆ ಆಕಾಶವೇ ಬೆಳ್ಳಗಾಗುತ್ತಿತ್ತು. ಆದರೆ ಅದೇ ಚಂದ್ರ ಹುಲ್ಲು, ಕಾಂಡ, ದೂರದ ದಿಬ್ಬ ಎಲ್ಲಕ್ಕೂ ಮೆತ್ತಗೆ ಬೆಳಕು ಹಾಕಿದ್ದ. ಚಂದ್ರನನ್ನು ಬೈಯುವವರು ಜಾಸ್ತಿ, ಮುನ್ನೆಲೆ ಇಷ್ಟಪಡುವವರಿಗೆ ಅವನು ಬೇಕು.

ಮೊದಲ ಫ್ರೇಮನ್ನು ಅಲ್ಲೇ ದೊಡ್ಡದು ಮಾಡಿ ನೋಡಿದೆ. ನಕ್ಷತ್ರಗಳು ದುಂಡಗಿದ್ದವು. ತಲೆಯಿಂದ ಮೇಲಕ್ಕೆ ಅಗಲವಾದ ಬಾಲ, ಕೆಳಕ್ಕೆ, ಸೂರ್ಯನ ಕಡೆಗೆ, ಕೂದಲಿನಷ್ಟು ತೆಳ್ಳಗೆ ಇನ್ನೊಂದು ಗೀಟು. ಅದು ಎದುರು ಬಾಲ. ಧೂಮಕೇತುವಿನ ಕಕ್ಷೆ ಇರುವ ಸಮತಲವನ್ನು ಭೂಮಿ ಆ ದಿನಗಳಲ್ಲೇ ದಾಟುತ್ತಿತ್ತು, ಹಾಗಾಗಿ ದಾರಿಯಲ್ಲಿ ಹರಡಿದ್ದ ಧೂಳು ನಮಗೆ ಅಂಚಿನಿಂದ, ಗೆರೆಯಾಗಿ ಕಂಡಿತು. ನಾಲ್ಕು ವರ್ಷದ ಹಿಂದಿನ ಕ್ಯಾಮೆರಾವೇ, ಅದೇ ಲೆನ್ಸೇ. ನಾನು ಅಲ್ಲೇ ನೆಲದ ಮೇಲೆ ಕೂತು ಆ ಪರದೆಯನ್ನು ಎಷ್ಟೋ ಹೊತ್ತು ನೋಡಿದೆ.

ದಿಗಂತಕ್ಕೆ ಇಳಿಯುತ್ತಾ ಹೋದ ಹಾಗೆ ಬಾಲ ಬೇಗ ಮಂಕಾಯಿತು. ಹತ್ತು ಡಿಗ್ರಿ ಎತ್ತರದಲ್ಲಿ ನೆತ್ತಿಗಿಂತ ಐದೂವರೆ ಪಟ್ಟು ಗಾಳಿಯ ಮೂಲಕ ಬೆಳಕು ಬರಬೇಕು, ಅಷ್ಟು ನಷ್ಟ ಇದ್ದೇ ಇರುತ್ತದೆ. ಕೊನೆಗೆ ಸರಿಯಾದ 40 ಫ್ರೇಮ್ ಸಿಕ್ಕವು.

20ನೇ ತಾರೀಖು ಮತ್ತೆ ಹೋದೆ. ಈಗ ಚಂದ್ರ ತಡವಾಗಿ ಹುಟ್ಟುತ್ತಿದ್ದ, ಅದಕ್ಕೂ ಮುಂಚೆ ಒಳ್ಳೆ ಕತ್ತಲು ಸಿಕ್ಕಿತು. ಧೂಮಕೇತು ಮಾತ್ರ ಮೇಲೇರಿ ಮಂಕಾಗಿತ್ತು, 85ರಲ್ಲಿ ಮರದ ಜೊತೆ ಹಿಡಿಯುವುದು ಸಾಧ್ಯವಿರಲಿಲ್ಲ. 35 ಮಿ.ಮೀ. ಹಾಕಿದೆ. ಅರ್ಧ ವೇಗದ ಎಂಟು ಸೆಕೆಂಡಿನ ಫ್ರೇಮ್ ತೆಗೆದದ್ದು ಅವತ್ತೇ. ಗದ್ದಲ (ಫೋಟೋ ತುಂಬ ಕಾಣುವ ಪುಡಿ ಚುಕ್ಕೆಗಳು) ಜಾಸ್ತಿ ಇದೆ, ಬಾಲ ಚಿಕ್ಕದು. ಆದರೂ ಒಂದೇ ಸಲ ಶಟರ್ ತೆರೆದಾಗ ಬಿದ್ದ ಬೆಳಕು ಅದು. ನನಗೆ ಆ ಫೋಟೋ ಮೇಲೆ ಪ್ರೀತಿ ಹೆಚ್ಚು.

14ರ ಫ್ರೇಮ್‌ಗಳನ್ನು ಎರಡು ಸಲ ಸ್ಟ್ಯಾಕ್ ಮಾಡಬೇಕಾಯಿತು, ಅಂದರೆ ಒಂದರ ಮೇಲೊಂದು ಹೊಂದಿಸಿ ಸೇರಿಸಬೇಕಾಯಿತು: ನಕ್ಷತ್ರಕ್ಕೊಮ್ಮೆ, ಧೂಮಕೇತುವಿಗೊಮ್ಮೆ. ಧೂಮಕೇತು ದಿನಕ್ಕೆ ನಾಲ್ಕು ಡಿಗ್ರಿ ಸರಿಯುತ್ತದೆ ಅಂತ ಇಟ್ಟುಕೊಂಡರೂ ನಿಮಿಷಕ್ಕೆ 10 ಆರ್ಕ್‌ಸೆಕೆಂಡ್ ಆಯಿತು. ಹತ್ತು ನಿಮಿಷದ ಫ್ರೇಮ್‌ಗಳನ್ನು ನಕ್ಷತ್ರಕ್ಕೆ ಹೊಂದಿಸಿದರೆ ತಲೆ ಹತ್ತು ಪಿಕ್ಸೆಲ್ ಎಳೆದುಕೊಳ್ಳುತ್ತದೆ. ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ತಂತ್ರಾಂಶದಲ್ಲಿ ಧೂಮಕೇತುವಿಗೆಂದೇ ವ್ಯವಸ್ಥೆ ಇದೆ, ಫ್ರೇಮ್‌ಗಳಲ್ಲಿ ತಲೆ ಎಲ್ಲಿದೆ ಅಂತ ಗುರುತು ಮಾಡಿ ಕೊಡಬೇಕು. 40 ಫ್ರೇಮ್ ಸೇರಿದಾಗ ಗದ್ದಲ ಆರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು, ಬಾಲದ ಎಳೆಗಳು ಆಗ ಬಿಡಿಬಿಡಿಯಾಗಿ ಎದ್ದವು. ಅದರ ಕೆಳಗೆ ನೀಲಿ ಬೆಳಕಿನ ಮರವನ್ನು ಮಾಸ್ಕ್ ಹಾಕಿ ಕೂರಿಸಿದೆ. ಟ್ರೈಪಾಡ್ ಅಲ್ಲಾಡಿಸದೇ ಇದ್ದದ್ದರಿಂದ ಕೊಂಬೆಗಳ ಆಕಾರ ಎರಡರಲ್ಲೂ ಒಂದೇ ಇತ್ತು, ಟ್ರ್ಯಾಕರ್ ತಿರುಗಿದಷ್ಟು ಮರವನ್ನು ಸರಿಸಿದ ಮೇಲೆ ಹೊಂದಿದವು. ಧೂಮಕೇತುವನ್ನು ನಾನು ಜರುಗಿಸಿಲ್ಲ, ದೊಡ್ಡದೂ ಮಾಡಿಲ್ಲ. 14ರ ಮಧ್ಯದ ಫ್ರೇಮಿನಲ್ಲಿ ಮರದ ತುದಿಯಿಂದ ಎಷ್ಟು ಮೇಲಿತ್ತೋ ಅಷ್ಟೇ ಮೇಲಿದೆ. ಎರಡು ಹೊತ್ತಿನ ಬೆಳಕು ಸೇರಿಸಿದ್ದೇನೆ ಅಂತ ಫೋಟೋ ಕೆಳಗೆ ಬರೆದೇ ಹಂಚಿದೆ.

20ರ ರಾತ್ರಿ ಕೊನೆಯಲ್ಲಿ ಮೋಟಾರ್ ಓಡುತ್ತಿದ್ದರೂ ಹಲಗೆ ಏಳುವುದು ನಿಂತಿತ್ತು. ಬಿಚ್ಚಿ ನೋಡಿದರೆ ಗೇರ್‌ನೊಳಗಿನ ನಟ್ ಅಂಟು ಬಿಟ್ಟು ಸುಮ್ಮನೆ ಜಾರುತ್ತಿದೆ. ಪ್ಲಾಸ್ಟಿಕ್ಕಿನ ಮೇಲೆ ಅಂಟು ನಂಬುವ ಹಾಗಿಲ್ಲ. ಈಗ ನಟ್‌ನ ಆರು ಮೂಲೆಗೆ ಸರಿಯಾಗಿ ಗೇರ್‌ನಲ್ಲಿ ಆರು ಮೂಲೆಯ ಗುಳಿ ಕೊರೆದು, ನಟ್ಟನ್ನು ಒಳಗೆ ಒತ್ತಿ, ಮೇಲೆ ತೆಳು ಹಿತ್ತಾಳೆ ತಗಡು ಇಟ್ಟು ಮೂರು ಸಣ್ಣ ಸ್ಕ್ರೂ ಬಿಗಿದಿದ್ದೇನೆ. ಬಿಳಿ ಹಲ್ಲು ಹಾಗೇ ಇದೆ. ಮೊನ್ನೆ ಮತ್ತೆ ಒಂದು ಗಂಟೆ ಎಣಿಸಿದೆ, ಸರಿಯಾಗಿ ಅರವತ್ತು.